ಒಂದೇ ಎಳೆತಕ್ಕೆ ಸ್ಟಾರ್ಟ್ ಆಗಬೇಕು

2019ರ ಫೆಬ್ರುವರಿ ಕೊನೆಯ ವಾರ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ಹೊತ್ತಿ ಉರಿಯಿತು. ಉಪಗ್ರಹ ಚಿತ್ರಗಳ ಲೆಕ್ಕದ ಪ್ರಕಾರ ಸುಟ್ಟುಹೋದ ಜಾಗ ಸುಮಾರು 4,400 ಹೆಕ್ಟೇರ್. 25ನೇ ತಾರೀಕು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದು, ತೂಗುಬಿಟ್ಟ ದೊಡ್ಡ ಬಕೆಟ್ಟಿನಲ್ಲಿ ನೀರು ಮೊಗೆದು ಉರಿಯ ಮೇಲೆ ಸುರಿದವು. ಮರುದಿನದ ಪತ್ರಿಕೆಗಳಲ್ಲೆಲ್ಲ ಅದೇ ಚಿತ್ರ. ಆದರೆ ಬೆಂಕಿ ಹಬ್ಬಿದ್ದು ನೆಲದ ಮೇಲೆ, ಒಣ ಎಲೆ, ಹುಲ್ಲು ಮತ್ತು ಲಂಟಾನದ ಪೊದೆಗಳ ನಡುವೆ. ಅಲ್ಲಿ ಅದನ್ನು ಎದುರಿಸಿದವರು ಹಸಿಸೊಪ್ಪಿನ ಕೊಂಬೆ ಹಿಡಿದ ಅರಣ್ಯ ಸಿಬ್ಬಂದಿ, ದಿನಗೂಲಿಯ ಬೆಂಕಿ ಕಾವಲುಗಾರರು ಮತ್ತು ಸ್ವಯಂಸೇವಕರು.

ಸೊಪ್ಪಿನ ಕೊಂಬೆ ಇಂದಿಗೂ ಹೋಗಿಲ್ಲ. ಅದರ ಜೊತೆಗೆ ಸಣ್ಣ ಎಂಜಿನ್ನುಗಳೂ ಕಾಡು ಸೇರಿವೆ. ಬೆನ್ನಿಗೆ ಕಟ್ಟಿಕೊಂಡು ತರಗೆಲೆ ಹಾರಿಸುವ ಬ್ಲೋವರ್, ಪೊದೆ ಸವರುವ ಬ್ರಷ್ ಕಟರ್, ಅಡ್ಡಬಿದ್ದ ಮರ ಕತ್ತರಿಸುವ ಚೈನ್ ಸಾ, ಜೀಪಿನ ಹಿಂದೆ ಟ್ಯಾಂಕಿನೊಂದಿಗೆ ಕೂರುವ ಪಂಪು. ಇವುಗಳಲ್ಲಿ ಬಹುಪಾಲು ಎಂಜಿನ್ನುಗಳು ಬೈಕಿನ ಎಂಜಿನ್ನಿಗಿಂತ ಚಿಕ್ಕವು. ವರ್ಷದಲ್ಲಿ ಎಂಟು ತಿಂಗಳು ಮೂಲೆಯಲ್ಲಿ ಕೂತು, ಜನವರಿಯಿಂದ ಏಪ್ರಿಲ್‌ವರೆಗೆ ಬೂದಿ, ಧೂಳು, ಬಿಸಿಲಿನ ನಡುವೆ ಒಂದೇ ಸಮನೆ ದುಡಿಯಬೇಕು. ಬೆಂಕಿಯ ಎದುರು ನಿಂತವನು ಹಗ್ಗ ಎಳೆದಾಗ ಎಂಜಿನ್ ಕೆಮ್ಮಿ ಸುಮ್ಮನಾದರೆ ಅವನ ಕೈಗೆ ಮತ್ತೆ ಸೊಪ್ಪಿನ ಕೊಂಬೆಯೇ ಗತಿ. ಹಾಗಾಗದಂತೆ ನೋಡಿಕೊಳ್ಳುವವರು ಯಾರು, ಅವರ ತಂಡವನ್ನು ಹೇಗೆ ನಡೆಸಬೇಕು ಎಂಬುದು ಈ ಅಧ್ಯಾಯದ ವಿಷಯ.

ಕೆರಗೋಡಿನಿಂದ ಹಲಗೂರಿನ ಕಾಡಿಗೆ

ಮಂಡ್ಯ ಎಂದರೆ ಕಬ್ಬು, ಭತ್ತ, ನಾಲೆ ನೆನಪಾಗುತ್ತವೆಯೇ ಹೊರತು ಕಾಡಲ್ಲ. ಕೆರಗೋಡು ಹೋಬಳಿಯ ಬಯಲಲ್ಲಿ ನಿಂತವರಿಗೆ ಕಾಡ್ಗಿಚ್ಚು ದೂರದ ಸುದ್ದಿ. ಆದರೆ ಅದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಹಲಗೂರು ದಾಟಿ ಮುತ್ತತ್ತಿಯ ಕಡೆ ಇಳಿದರೆ ಕಾವೇರಿ ವನ್ಯಧಾಮ ಎದುರಾಗುತ್ತದೆ. 1987ರಲ್ಲಿ ಘೋಷಣೆಯಾದ ಈ ವನ್ಯಧಾಮ ಮುಂದೆ ವಿಸ್ತಾರಗೊಂಡು ಈಗ ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾಗಿದೆ. ಕಮರ, ದಿಂಡಿಗದಂಥ ಮರಗಳಿರುವ ಒಣ ಎಲೆಯುದುರು ಕಾಡು ಅದು. ಸಂಕ್ರಾಂತಿ ಕಳೆಯುತ್ತಿದ್ದಂತೆ ನೆಲವೆಲ್ಲ ತರಗು. ಹಗಲ ಬಿಸಿಗೆ ಹುಲ್ಲು ಒಣಗಿ ನಿಂತಿರುವಾಗ ಯಾರೋ ಎಸೆದ ಒಂದು ಬೀಡಿತುಂಡು ಸಾಕು.

ಬಯಲು ಮತ್ತು ಬೆಟ್ಟವನ್ನು ಬೆಸೆಯುವುದು ಒಂದು ಕಸುಬು. ನಾಲೆ ನೀರು, ಪಂಪ್‌ಸೆಟ್ಟು, ಪವರ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ ಇರುವ ಕಡೆಯಲ್ಲೆಲ್ಲ ಅವುಗಳನ್ನು ಬಿಚ್ಚಿ ಜೋಡಿಸುವ ಕೈಗಳೂ ಇರುತ್ತವೆ. ಕೆರಗೋಡು, ಕೊಪ್ಪ, ಹಲಗೂರಿನಂಥ ಹೋಬಳಿ ಊರುಗಳಲ್ಲಿ ಭತ್ತಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನು ಸರಿಮಾಡುವವನಿಗೆ ಕಾಡಿನ ಬ್ಲೋವರ್ ಹೊಸ ಯಂತ್ರವೇನಲ್ಲ. ಎರಡರ ಒಳಗಿರುವುದೂ ಒಂದೇ ಜಾತಿಯ ಟೂ ಸ್ಟ್ರೋಕ್ ಎಂಜಿನ್.

ಈ ಸೀಮೆಗೆ ಆ ಜಾತಿಯ ಎಂಜಿನ್ನಿನ ನಂಟು ಹಳೆಯದು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳೆಲ್ಲ ಟೂ ಸ್ಟ್ರೋಕ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೊಲಕ್ಕೆ ಹುಲ್ಲಿನ ಹೊರೆ ಸಾಗಿಸಿದ ಟಿವಿಎಸ್ ಮೊಪೆಡ್ಡುಗಳೂ ಬಹುಕಾಲ ಟೂ ಸ್ಟ್ರೋಕಾಗಿಯೇ ಇದ್ದವು. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು, ಸೈಲೆನ್ಸರಿನ ಕರಿ ಸುಟ್ಟು ತೆಗೆಯುವುದು ಆ ಬೈಕುಗಳ ಕಾಲದಲ್ಲಿ ಮೆಕ್ಯಾನಿಕ್ಕುಗಳು ರೂಢಿಸಿಕೊಂಡ ವಿದ್ಯೆ. ರಸ್ತೆಯಲ್ಲಿ ಬೇಡವಾದ ಅದೇ ವಿದ್ಯೆ ಈಗ ಕಾಡಿಗೆ ಬೇಕಾಗಿದೆ.

ಹತ್ತು ಕಿಲೋ ತೂಕದ ಬಿರುಗಾಳಿ

ಬ್ಲೋವರ್ ಬೆಂಕಿಯನ್ನು ಊದಿ ಆರಿಸುವ ಯಂತ್ರ ಎಂದು ಹಲವರು ಭಾವಿಸುತ್ತಾರೆ. ಅದರ ಮುಖ್ಯ ಕೆಲಸ ಬೇರೆ. ಉರಿಯಲು ಬೇಕಾದದ್ದು ಮೂರು: ಶಾಖ, ಆಮ್ಲಜನಕ, ಇಂಧನ. ಕಾಡಿನಲ್ಲಿ ಆಮ್ಲಜನಕ ತಡೆಯಲಾಗದು, ಶಾಖ ತಗ್ಗಿಸಲು ಸಾಲುವಷ್ಟು ನೀರಿಲ್ಲ. ಉಳಿಯುವುದು ಇಂಧನ. ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೊಮ್ಮುವ ಗಾಳಿ ತರಗೆಲೆಯನ್ನು ಬದಿಗೆ ತಳ್ಳಿ ಬರಿ ಮಣ್ಣನ್ನು ಬಿಚ್ಚಿಡುತ್ತದೆ. ನೆಲದಲ್ಲಿ ಹರಿದುಬರುವ ಸಣ್ಣ ಬೆಂಕಿ ಆ ಮಣ್ಣಿನ ಪಟ್ಟಿಗೆ ಬಂದು ನಿಲ್ಲುತ್ತದೆ. ಅದೇ ಗಾಳಿಯನ್ನು ತಪ್ಪು ಕೋನದಲ್ಲಿ ಬಿಟ್ಟರೆ ಕಿಡಿಗಳು ಪಟ್ಟಿ ದಾಟಿ ಆಚೆಯ ಹುಲ್ಲಿಗೆ ಬೀಳುತ್ತವೆ. ಆದ್ದರಿಂದ ಗಾಳಿಯ ವೇಗವನ್ನು ಬೇಕಾದಾಗ ಏರಿಸಿ, ಬೇಕಾದಾಗ ಇಳಿಸುವಂತಿರಬೇಕು. ಥ್ರಾಟಲ್ ಕೇಬಲ್ ಬಿಗಿದುಕೊಂಡ ಬ್ಲೋವರ್ ಬರೀ ಕೆಟ್ಟ ಯಂತ್ರವಾಗಿ ಉಳಿಯುವುದಿಲ್ಲ, ಅಪಾಯಕಾರಿಯೂ ಆಗುತ್ತದೆ.

ಹತ್ತು ಕಿಲೋ ತೂಕದಲ್ಲಿ ಇಷ್ಟು ಶಕ್ತಿ ಹೊರಡಲು ಟೂ ಸ್ಟ್ರೋಕ್ ವಿನ್ಯಾಸವೇ ಕಾರಣ. ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಡಿಯ ಕ್ರಾಂಕ್ ಕೋಣೆಯೇ ಇಂಧನವನ್ನು ಒಳಗೆಳೆದು ಮೇಲಕ್ಕೆ ನೂಕುವ ಪಂಪಾಗಿ ಕೆಲಸ ಮಾಡಿತು. ಪ್ರತಿ ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 7,000 ಸುತ್ತು ತಿರುಗುವ ಬ್ಲೋವರಿನಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಿಡಿ ಹಾರುತ್ತದೆ. ಕ್ರಾಂಕ್ ಕೋಣೆಯಲ್ಲಿ ಆಯಿಲ್ ತುಂಬಿಡಲು ಜಾಗವಿಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಬೇಕಾದ ಜಿಡ್ಡು ಪೆಟ್ರೋಲಿನೊಳಗೇ ಬೆರೆತು ಬರಬೇಕು.

50ಕ್ಕೆ 1ರ ಮಿಶ್ರಣವೆಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂಟಿ ಆಯಿಲ್. 25ಕ್ಕೆ 1 ಎಂದರೆ 40. ಈ ಸಣ್ಣ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸೀಜ್ ಆದ ಪಿಸ್ಟನ್ ಕೈಗೆ ತೆಗೆದುಕೊಂಡವರು ಮರೆಯುವುದಿಲ್ಲ. ಅಲ್ಯುಮಿನಿಯಂ ಪಿಸ್ಟನ್ ಕಾದು ಹಿಗ್ಗಿ, ಎಕ್ಸಾಸ್ಟ್ ಬದಿಯಲ್ಲಿ ಉದ್ದಕ್ಕೆ ಗೀರು ಬಿದ್ದು, ರಿಂಗು ತನ್ನ ತೋಡಿನಲ್ಲೇ ಅಂಟಿಕೊಂಡಿರುತ್ತದೆ. ಫೆಬ್ರುವರಿಯಲ್ಲಿ ಹಾಗಾದರೆ ಆ ಋತುವಿನ ಮಟ್ಟಿಗೆ ಆ ಯಂತ್ರ ಮುಗಿದಂತೆಯೇ.

ಕಬ್ಬು ಎಂಜಿನ್ನಿಗೆ ಬಂದಾಗ

2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ-20 ಪೆಟ್ರೋಲಿಗೆ ಚಾಲನೆ ನೀಡಿದರು. ಅದರಲ್ಲಿ ಶೇಕಡ 20ರಷ್ಟು ಎಥನಾಲ್. ಕಬ್ಬಿನ ರಸದಿಂದ, ಕಾಕಂಬಿಯಿಂದ, ಧಾನ್ಯದಿಂದ ತಯಾರಾಗುವ ಇಂಧನ ಅದು. ಮೈಸೂರು ಸಕ್ಕರೆ ಕಂಪನಿ ಹುಟ್ಟಿದ 1933ರಿಂದಲೂ ಕಬ್ಬನ್ನೇ ನೆಚ್ಚಿದ ಮಂಡ್ಯದಂಥ ಜಿಲ್ಲೆಗೆ ಎಥನಾಲ್ ಒಳ್ಳೆಯ ಸುದ್ದಿ. ಸಣ್ಣ ಎಂಜಿನ್ ರಿಪೇರಿ ತಂಡದ ಮುಖ್ಯಸ್ಥನಿಗೆ ಮಾತ್ರ ಅದು ಹೊಸ ಪಾಠ ಕಲಿಸಿದೆ.

ಎಥನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇದೆ. ಹಾಗಾಗಿ ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕಿದ್ದರೆ ಎಥನಾಲಿಗೆ 9 ಗ್ರಾಂ ಸಾಕು. ಈಗಿನ ಕಾರಿನ ಕಂಪ್ಯೂಟರ್ ಇದನ್ನು ತಾನೇ ಅರಿತು ಇಂಧನ ಹೆಚ್ಚಿಸುತ್ತದೆ. ಬ್ಲೋವರಿನ ಕಾರ್ಬೋರೇಟರಿನಲ್ಲಿ ಕಂಪ್ಯೂಟರಿಲ್ಲ, ಒಂದೆರಡು ಸ್ಕ್ರೂಗಳಿವೆ. ಹಳೆಯ ಸೆಟ್ಟಿಂಗಿನಲ್ಲೇ ಇ-20 ಹಾಕಿದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಅನೇಕ ತಯಾರಕರು ತಮ್ಮ ಸಣ್ಣ ಎಂಜಿನ್ನುಗಳಿಗೆ ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುತ್ತಾರೆ. ಹೊಸದಾಗಿ ಯಂತ್ರ ಕೊಳ್ಳುವಾಗ ಈ ಒಂದು ಸಾಲನ್ನು ಓದದಿದ್ದರೆ ಮುಂದಿನ ವರ್ಷವಿಡೀ ಅದರ ಬೆಲೆ ತೆರಬೇಕಾಗುತ್ತದೆ.

ಎರಡನೆಯ ತೊಂದರೆ ನೀರು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವೆಲ್ಲ ಅರ್ಧ ತುಂಬಿದ ಕ್ಯಾನಿನಲ್ಲಿ ಉಳಿದ ಪೆಟ್ರೋಲಿನಲ್ಲಿ ತೇವ ಮಿತಿ ಮೀರಿದಾಗ ಎಥನಾಲು ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದ. ಜಿಡ್ಡಿಲ್ಲದ ದ್ರವ ಎಂಜಿನ್ನಿಗೆ ಹೋಗಿ, ಅಳತೆ ತಪ್ಪದೆ ಆಯಿಲ್ ಹಾಕಿದವನ ಪಿಸ್ಟನ್ನೂ ಸೀಜ್ ಆಗುತ್ತದೆ. ಕಾರ್ಬೋರೇಟರಿನ ಡಯಾಫ್ರಮ್ಮಿಗೂ ಹಳಸಿದ ಇಂಧನ ಒಳ್ಳೆಯದಲ್ಲ. ಎಂಜಿನ್ನನ್ನು ಹೇಗೆ ಓರೆ ಮಾಡಿದರೂ ನಡೆಯುವಂತೆ ಮಾಡುವುದು ಈ ತೆಳು ರಬ್ಬರು ಪೊರೆ. ಅದು ಗಟ್ಟಿಯಾದರೆ ಇಂಧನ ಎತ್ತುವುದಿಲ್ಲ.

ಹಾಗಾಗಿ ತಂಡದ ಮೊದಲ ನಿಯಮ ಸರಳ: ಬೆರೆಸಿದ ಇಂಧನಕ್ಕೆ ತಿಂಗಳ ಆಯುಸ್ಸು. ಕ್ಯಾನಿನ ಮೇಲೆ ತಾರೀಕು, ಅನುಪಾತ, ಬೆರೆಸಿದವರ ಸಹಿ. ಟೂ ಸ್ಟ್ರೋಕಿಗೆ ಒಂದು ಬಣ್ಣದ ಕ್ಯಾನು, ಫೋರ್ ಸ್ಟ್ರೋಕ್ ಪಂಪಿಗೆ ಇನ್ನೊಂದು. ರಾತ್ರಿ ಟಾರ್ಚ್ ಬೆಳಕಿನಲ್ಲಿ ಇಂಧನ ತುಂಬುವವನಿಗೆ ಅಕ್ಷರಕ್ಕಿಂತ ಬಣ್ಣ ಬೇಗ ಕಾಣುತ್ತದೆ.

ಅರ್ಧ ಮಿಲಿಮೀಟರಿನ ಜಾಲರಿ

ಕಾಡಿನ ಬೆಂಕಿ ಆರಿಸಲು ಹೋದ ಎಂಜಿನ್ನೇ ಬೆಂಕಿ ಹಚ್ಚಬಹುದು. ಸೈಲೆನ್ಸರಿನ ಒಳಗೆ ಕಟ್ಟಿಕೊಂಡ ಕರಿಯ ಚೂರು ಕೆಂಡವಾಗಿ ಹಾರಿ ಒಣಹುಲ್ಲಿಗೆ ಬಿದ್ದರೆ ಸಾಕು. ಅದನ್ನು ತಡೆಯಲು ಸೈಲೆನ್ಸರಿನ ಬಾಯಿಗೆ ಉಕ್ಕಿನ ಜಾಲರಿ ಇರುತ್ತದೆ. ಅಮೆರಿಕದ ಅರಣ್ಯ ಸೇವೆ ಒಪ್ಪುವ ಜಾಲರಿಯ ಕಂಡಿ 0.58 ಮಿಲಿಮೀಟರಿಗಿಂತ ದೊಡ್ಡದಿರಕೂಡದು. ಎಂಜಿನ್ನಿನ ತೆರೆದ ಮೈ 288 ಡಿಗ್ರಿ ಸೆಲ್ಸಿಯಸ್, ಹೊರಬರುವ ಹೊಗೆ 246 ಡಿಗ್ರಿ ಮೀರಕೂಡದು ಎಂದೂ ಅಲ್ಲಿನ ಮಾನದಂಡ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಮಾಸ್‌ನಲ್ಲಿರುವ ಅರಣ್ಯ ಸೇವೆಯ ತಾಂತ್ರಿಕ ಕೇಂದ್ರ ಈ ಕಿಡಿ ತಡೆಗಳ ಪರೀಕ್ಷೆಗೇ ಹೆಸರಾಗಿದೆ.

ಜಾಲರಿಗೆ ಒಂದು ಶಾಪವಿದೆ. ಆಯಿಲ್ ಹೆಚ್ಚಾದರೆ, ಎಂಜಿನ್ ಬಹಳ ಹೊತ್ತು ನಿಧಾನ ವೇಗದಲ್ಲಿ ಓಡಿದರೆ ಅದು ಕರಿಯಿಂದ ಮುಚ್ಚಿಹೋಗುತ್ತದೆ. ಹೊಗೆಗೆ ದಾರಿಯಿಲ್ಲದೆ ಎಂಜಿನ್ ಮಂಕಾಗುತ್ತದೆ. ಕಾಡಿನಲ್ಲಿರುವ ಯಾರೋ ಸ್ಕ್ರೂ ಡ್ರೈವರಿನಿಂದ ಜಾಲರಿಯನ್ನು ಕಿತ್ತೆಸೆಯುತ್ತಾರೆ. ಎಂಜಿನ್ ಕೂಡಲೇ ಚುರುಕಾಗುತ್ತದೆ, ಎಲ್ಲರಿಗೂ ಸಂತೋಷ. ಅಲ್ಲಿಂದಾಚೆ ಆ ಬ್ಲೋವರ್ ಕಿಡಿ ಕಾರುತ್ತ ಒಣ ಕಾಡಿನಲ್ಲಿ ತಿರುಗುತ್ತದೆ. ಇಂಥ ಯಂತ್ರ ರಿಪೇರಿಗೆ ಬಂದಾಗ ಒಳ್ಳೆಯ ಮುಖ್ಯಸ್ಥ ಗದರುವುದಿಲ್ಲ. ಹೊಸ ಜಾಲರಿ ಹಾಕಿ, ಎರಡು ಬಿಡಿ ಜಾಲರಿ ಕೊಟ್ಟು, ಮುಚ್ಚಿದ್ದನ್ನು ತೆಗೆದು ತಂತಿ ಬ್ರಷ್ಷಿನಿಂದ ಉಜ್ಜುವುದನ್ನು ತೋರಿಸಿ ಕಳಿಸುತ್ತಾನೆ. ಕಿತ್ತವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಆ ದಾರಿ ಕಲಿಸುವುದೂ ರಿಪೇರಿಯ ಭಾಗವೇ.

ಬೆಟ್ಟ ಹತ್ತಿದರೆ, ಹೊಳೆಗೆ ಇಳಿದರೆ

ಮಂಡ್ಯ ನಗರ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಗೋಪಾಲಸ್ವಾಮಿ ಬೆಟ್ಟದ ತುದಿ 1,450 ಮೀಟರಿನ ಆಸುಪಾಸು. ಅಷ್ಟು ಮೇಲೇರಿದರೆ ಗಾಳಿ ಶೇಕಡ 7ರಷ್ಟು ತೆಳುವಾಗುತ್ತದೆ. ಮಂಡ್ಯದ ಶೆಡ್ಡಿನಲ್ಲಿ ಟ್ಯೂನ್ ಮಾಡಿದ ಎಂಜಿನ್ ಅಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. ಶಿವನಸಮುದ್ರದ ಕೆಳಗೆ ತಗ್ಗಿನಲ್ಲಿರುವ ಮುತ್ತತ್ತಿಗೆ ಹೋದರೆ ಇದಕ್ಕೆ ತಿರುವುಮುರುವು: ಗಾಳಿ ದಟ್ಟ, ಮಿಶ್ರಣ ತೆಳು, ಪ್ಲಗ್ಗು ಬೆಳ್ಳಗೆ. ಕಾಫಿಪುಡಿ ಬಣ್ಣದ ಪ್ಲಗ್ಗು ಸರಿಯಾದ ಮಿಶ್ರಣದ ಗುರುತು ಎಂದು ಹಳೆಯ ಮಿಸ್ತ್ರಿಗಳು ಹೇಳುವುದರಲ್ಲಿ ಪೂರಾ ವಿಜ್ಞಾನವಿದೆ. ಯಂತ್ರ ಯಾವ ವಲಯಕ್ಕೆ ಹೋಗುತ್ತದೆ ಎಂದು ಕೇಳದೆ ಕಾರ್ಬೋರೇಟರಿನ ಸ್ಕ್ರೂ ಮುಟ್ಟಬಾರದು.

ಪಂಪುಗಳ ವಿಷಯದಲ್ಲೂ ಎತ್ತರ ಲೆಕ್ಕಕ್ಕೆ ಬರುತ್ತದೆ. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಹೊರಬಲ್ಲದ್ದು 10.3 ಮೀಟರ್ ನೀರು. ಸಾವಿರ ಮೀಟರ್ ಎತ್ತರದಲ್ಲಿ 9 ಮೀಟರಿಗೆ ಚೂರು ಹೆಚ್ಚು. ಸೋರಿಕೆ, ಘರ್ಷಣೆ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ಕೆರೆಯ ನೀರು ಬೇಸಿಗೆಯಲ್ಲಿ ತಗ್ಗಿದಂತೆ ಜೀಪನ್ನು ದಂಡೆಯ ಮೇಲೆ ನಿಲ್ಲಿಸಿ ಎಳೆಯಲು ಹೋದರೆ ಪಂಪು ಬರಿದೇ ಓಡಿ ಸೀಲು ಸುಟ್ಟುಕೊಳ್ಳುತ್ತದೆ. ಫುಟ್‌ವಾಲ್ವಿನ ಕಸ, ಹೋಸ್ ಜೋಡಣೆಯ ಸವೆದ ವಾಷರು, ಇವೆರಡನ್ನು ಮೊದಲು ನೋಡಬೇಕೆಂಬುದು ಕೆರಗೋಡಿನ ಯಾವ ರೈತನಿಗೂ ಗೊತ್ತು.

ಐದು ಜನರ ತಂಡ

ಅಮೆರಿಕ, ಕೆನಡಾಗಳಲ್ಲಿ ಕಾಡ್ಗಿಚ್ಚಿನ ಪಂಪೆಂದರೆ ಮಾರ್ಕ್-3. 1960ರ ದಶಕದಿಂದ ಬಳಕೆಯಲ್ಲಿರುವ, 10 ಅಶ್ವಶಕ್ತಿಯ ಟೂ ಸ್ಟ್ರೋಕ್ ಪಂಪು ಅದು. ತೂಕ 26 ಕಿಲೋ, ಒಬ್ಬ ಹೊತ್ತೊಯ್ಯಬಹುದು. ಐಡಾಹೊ ರಾಜ್ಯದ ಬಾಯ್ಸಿಯಲ್ಲಿ 1965ರಲ್ಲಿ ಶುರುವಾದ ಅಗ್ನಿ ಸಮನ್ವಯ ಕೇಂದ್ರ ಮತ್ತು ದೇಶದ ಬೇರೆ ಬೇರೆ ಕಡೆಯ ಉಗ್ರಾಣಗಳಲ್ಲಿ ಇಂಥ ಪಂಪು, ಗರಗಸಗಳನ್ನು ಬೆಂಕಿಯಿಂದ ಮರಳಿದ ಕೂಡಲೇ ತೊಳೆದು, ಬಿಚ್ಚಿ, ಓಡಿಸಿ ನೋಡಿ, ಚೀಟಿ ಕಟ್ಟಿ ಕಪಾಟಿಗೆ ಸೇರಿಸುತ್ತಾರೆ. ಪ್ರತಿ ವಸ್ತುವಿಗೂ ದೇಶಕ್ಕೆಲ್ಲ ಒಂದೇ ಸಂಖ್ಯೆ. ಒಂದು ರಾಜ್ಯದ ಪಂಪಿಗೆ ಇನ್ನೊಂದು ರಾಜ್ಯದ ಬಿಡಿಭಾಗ ಕೂರುತ್ತದೆ. ಆ ವ್ಯವಸ್ಥೆಯ ನಿಜವಾದ ಬಲವಿರುವುದು ಈ ಏಕರೂಪತೆಯಲ್ಲಿ.

ಅಷ್ಟು ದೊಡ್ಡ ಉಗ್ರಾಣ ಇಲ್ಲದಿದ್ದರೂ ಅದೇ ಶಿಸ್ತನ್ನು ಒಂದು ಶೆಡ್ಡಿನಲ್ಲಿ ತರಬಹುದು. ಐದು ಜನರ ತಂಡ ಎಂದಿಟ್ಟುಕೊಂಡರೆ, ಮುಖ್ಯಸ್ಥ ಅತ್ಯುತ್ತಮ ಮೆಕ್ಯಾನಿಕ್ ಆಗಿರಬೇಕಿಲ್ಲ. ಯಾವ ಯಂತ್ರವನ್ನು ಈಗ ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳಬಲ್ಲವನಾಗಿರಬೇಕು. ಬೆಂಕಿಯ ದಿನ ಹತ್ತು ಯಂತ್ರ ಒಮ್ಮೆಗೇ ಬಂದು ಬಿದ್ದಾಗ ಮೂರು ಗುಂಪು ಮಾಡಬೇಕು. ಪ್ಲಗ್ಗು, ಫಿಲ್ಟರು, ಇಂಧನ ಬದಲಿಸಿದರೆ ಹತ್ತು ನಿಮಿಷದಲ್ಲಿ ಏಳುವವು ಮೊದಲು. ಒಂದೆರಡು ಗಂಟೆ ಬೇಡುವವು ಆಮೇಲೆ. ಸೀಜ್ ಆದವು ಪಕ್ಕಕ್ಕೆ. ಅವುಗಳಿಂದ ಸ್ಟಾರ್ಟರು, ಕಾಯಿಲು, ಕಾರ್ಬೋರೇಟರು ಬಿಚ್ಚಿ ಬೇರೆಯವನ್ನು ಬದುಕಿಸಬೇಕು. ಕಷ್ಟದ ರಿಪೇರಿಯಲ್ಲಿ ಜಾಣನೊಬ್ಬ ಮುಳುಗಿಹೋಗಿ, ಸುಲಭದ ಐದು ಯಂತ್ರ ಬಿದ್ದಲ್ಲೇ ಉಳಿಯುವುದು ಇಂಥ ತಂಡಗಳ ದೊಡ್ಡ ಸೋಲು.

ತಪಾಸಣೆಗೂ ಒಂದು ಕ್ರಮ ಬೇಕು: ಇಂಧನ, ಕಿಡಿ, ಗಾಳಿ, ಕೊನೆಗೆ ಕಂಪ್ರೆಷನ್. ಹೆಚ್ಚು ಸಲ ಕೆಡುವುದನ್ನು, ಬೇಗ ನೋಡಬಹುದಾದದ್ದನ್ನು ಮೊದಲು ನೋಡುವ ಈ ಸರಣಿ ಗೋಡೆಯ ಮೇಲಿರಬೇಕು. ಹೊಸಬನೂ ಹಳಬನೂ ಅದನ್ನೇ ಅನುಸರಿಸಿದರೆ ಒಬ್ಬ ಅರ್ಧಕ್ಕೆ ಬಿಟ್ಟ ಕೆಲಸವನ್ನು ಇನ್ನೊಬ್ಬ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಪ್ರತಿ ಯಂತ್ರಕ್ಕೂ ಮೈಮೇಲೆ ಕೆತ್ತಿದ ಸಂಖ್ಯೆ, ಆ ಸಂಖ್ಯೆಗೊಂದು ಪುಸ್ತಕದ ಪುಟ. ಎರಡು ವರ್ಷ ಪುಟ ತುಂಬಿದರೆ ಯಾವ ಭಾಗ ಯಾವ ತಿಂಗಳು ಸೋಲುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ರಿಪೇರಿಯಾದ ಎಂಜಿನ್ ಬರಿದೇ ಓಡಿದರೆ ಸಾಲದು. ಬ್ಲೋವರನ್ನು ಪೂರ್ಣ ವೇಗದಲ್ಲಿ, ಗರಗಸವನ್ನು ದಿಮ್ಮಿಯ ಮೇಲೆ, ಪಂಪನ್ನು ಹೋಸು ತುಂಬಿಸಿ ಓಡಿಸಬೇಕು. ಕಾದ ಮೇಲೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಗ್ಗ ಎಳೆಯಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿಯಾದಾಗ ಮುಷ್ಕರ ಹೂಡುವ ಎಂಜಿನ್ನುಗಳು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುವುದು.

ಮೆಕ್ಯಾನಿಕ್ಕಿನ ಕಿವಿ, ಮೆಕ್ಯಾನಿಕ್ಕಿನ ಜೀವ

2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಕಾಡಿನ ಬೆಂಕಿ ಗಾಳಿಯ ದಿಕ್ಕು ತಿರುಗಿದರೆ ಕ್ಷಣದಲ್ಲಿ ಸುತ್ತುವರಿಯುತ್ತದೆ. ರಿಪೇರಿಯವರು ತಾವು ಬೆಂಕಿಯವರಲ್ಲ ಎಂದು ಎಚ್ಚರ ತಪ್ಪುವಂತಿಲ್ಲ. ಕೆಟ್ಟ ಯಂತ್ರ ಹಿಂದಕ್ಕೆ ಬರಬೇಕೇ ಹೊರತು ಮೆಕ್ಯಾನಿಕ್ ಉರಿಯ ಅಂಚಿಗೆ ಹೋಗಬಾರದು. ವಾಹನದ ಮೂತಿ ಯಾವಾಗಲೂ ಹೊರಹೋಗುವ ದಾರಿಯತ್ತ ಇರಬೇಕು. ಇಂಧನ ತುಂಬುವ ಮುಂಚೆ ಎಂಜಿನ್ ತಣಿಯಬೇಕು, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಬೇಕು.

ಸದ್ದಿನ ಹಾನಿ ಕಣ್ಣಿಗೆ ಕಾಣುವುದಿಲ್ಲ. ಬೆನ್ನಿನ ಬ್ಲೋವರ್ ಹೊತ್ತವನ ಕಿವಿಗೆ ತಲುಪುವ ಸದ್ದು 100 ಡೆಸಿಬೆಲ್ ಹತ್ತಿರ. ರಕ್ಷಣೆಯಿಲ್ಲದೆ 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಇರಬಹುದು, 100ರಲ್ಲಿ ಹದಿನೈದೇ ನಿಮಿಷ ಎಂದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಅಳತೆ. ದಿನವಿಡೀ ಎಂಜಿನ್ ಪರೀಕ್ಷಿಸುವ ಮೆಕ್ಯಾನಿಕ್ಕಿಗೆ ಈ ಮಿತಿ ಬೆಳಗಿನ ಕಾಫಿಗೆ ಮುಂಚೆಯೇ ಮುಗಿದಿರುತ್ತದೆ. ಕಿವಿ ಮುಚ್ಚುವ ಮಫ್ ಶೆಡ್ಡಿನ ಬಾಗಿಲಲ್ಲೇ ತೂಗುಹಾಕಿರಬೇಕು. ಮುಖ್ಯಸ್ಥ ತಾನೇ ಮೊದಲು ಧರಿಸಬೇಕು. ಶೆಡ್ಡಿನ ಒಳಗೆ ಎಂಜಿನ್ ಓಡಿಸಕೂಡದು. ಟೂ ಸ್ಟ್ರೋಕ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಮಳೆ ಬಂದ ಮೇಲೆ

ಮೇ ತಿಂಗಳ ಮಳೆಗೆ ಕಾಡು ಹಸಿಯಾದ ಕೂಡಲೇ ಯಂತ್ರಗಳು ಶೆಡ್ಡಿಗೆ ಮರಳುತ್ತವೆ. ತಂಡದ ಅತಿ ಮುಖ್ಯ ಕೆಲಸ ಶುರುವಾಗುವುದು ಆಗ. ಟ್ಯಾಂಕು ಖಾಲಿ ಮಾಡಿ, ಕಾರ್ಬೋರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ಪ್ಲಗ್ಗು ಬಿಚ್ಚಿ ಸಿಲಿಂಡರಿಗೆ ತುಸು ಆಯಿಲ್ ಬಿಟ್ಟು ಮೆಲ್ಲಗೆ ಹಗ್ಗ ಎಳೆಯಬೇಕು. ಪಂಪಿನ ನೀರು ಪೂರ್ತಿ ಹೊರಹೋಗಬೇಕು. ಫಿಲ್ಟರು ತೊಳೆಯಬೇಕು, ಜಾಲರಿ ಉಜ್ಜಬೇಕು. ಋತುವಿನ ಪುಸ್ತಕ ಮುಂದಿಟ್ಟುಕೊಂಡು ಎಷ್ಟು ಡಯಾಫ್ರಮ್, ಎಷ್ಟು ಪ್ಲಗ್ಗು, ಎಷ್ಟು ಸ್ಟಾರ್ಟರ್ ಹಗ್ಗ, ಯಾವ ಅಳತೆಯ ಪಿಸ್ಟನ್ ಬೇಕೆಂದು ಪಟ್ಟಿ ಮಾಡಿ ಜೂನ್‌ನಲ್ಲೇ ಬೇಡಿಕೆ ಕಳಿಸಬೇಕು. ಟೆಂಡರು, ಮಂಜೂರಾತಿ, ಸರಬರಾಜು ಮುಗಿಯಲು ತಿಂಗಳುಗಳು ಹಿಡಿಯುತ್ತವೆ. ಜನವರಿಯಲ್ಲಿ ಬೇಡಿಕೆ ಕಳಿಸಿದರೆ ಬಿಡಿಭಾಗ ತಲುಪುವುದು ಬೆಂಕಿ ಆರಿದ ಮೇಲೆ.

ಹೊಸ ಬ್ಲೋವರ್ ಕೊಳ್ಳಲು ಹಣ ಸಿಕ್ಕುವಷ್ಟು ಸುಲಭವಾಗಿ ಹತ್ತು ರೂಪಾಯಿಯ ವಾಷರಿಗೆ ಸಿಕ್ಕುವುದಿಲ್ಲ. ಯಂತ್ರ ಕೊಳ್ಳುವಾಗಲೇ ಐದು ವರ್ಷದ ಬಿಡಿಭಾಗಕ್ಕೆ ಪ್ರತ್ಯೇಕ ಮೊತ್ತ ಇಡುವುದು, ಒಂದು ವಲಯಕ್ಕೆ ಒಂದೇ ಮಾದರಿಯ ಯಂತ್ರ ಕೊಡುವುದು, ಮಂಡ್ಯದ ಐಟಿಐ ವಿದ್ಯಾರ್ಥಿಗಳನ್ನು ಹೋಬಳಿಯ ಮೆಕ್ಯಾನಿಕ್ಕುಗಳ ಕೈಕೆಳಗೆ ಋತುವಿಗೆ ಮುಂಚೆ ಎರಡು ತಿಂಗಳು ಕೂರಿಸುವುದು, ಡಿಸೆಂಬರಿನಲ್ಲಿ ಬೆಂಕಿ ಕಾವಲುಗಾರರಿಗೆ ಅರ್ಧ ದಿನ ಇಂಧನ ಬೆರೆಸುವುದನ್ನೂ ಜಾಲರಿ ತೊಳೆಯುವುದನ್ನೂ ಕಲಿಸುವುದು: ಇವಾವುದಕ್ಕೂ ಹೊಸ ತಂತ್ರಜ್ಞಾನ ಬೇಡ. ಕೆರಗೋಡಿನ ಸ್ಪ್ರೇಯರ್ ಮಿಸ್ತ್ರಿಗೂ ಹಲಗೂರಿನ ವಲಯ ಕಚೇರಿಗೂ ನಡುವೆ ಇರುವುದು ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಮೊದಲ ಸಭೆಯನ್ನು ಜೂನ್‌ನಲ್ಲಿ ಕರೆದರೆ ಮುಂದಿನ ಫೆಬ್ರುವರಿಗೆ ಯಂತ್ರಗಳು ಸಿದ್ಧವಾಗಿರುತ್ತವೆ.